ಸಹಾಯ ಬೇಕು: ಗೇಮ್ ಮಧ್ಯೆ ಡಿಸ್‌ಪ್ಲೇ ಹೋಗುತ್ತೆ, ಕೆಟ್ಟಿರೋದು ಎಸ್‌ಎಂಪಿಎಸ್ಸಾ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ), ಗ್ರಾಫಿಕ್ಸ್ ಕಾರ್ಡಾ?

ಅಸೆಂಬಲ್ ಮಾಡಿದ ಪಿಸಿ. ಐದು ವರ್ಷ ಹಳೇ 550 ವ್ಯಾಟ್ ಎಸ್‌ಎಂಪಿಎಸ್, 220 ವ್ಯಾಟ್ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಎರಡು 8 ಪಿನ್ ಪವರ್ ಸಾಕೆಟ್. ಗೇಮ್ ಹಾಕಿದ ಹತ್ತು ನಿಮಿಷಕ್ಕೆ 'ನೋ ಸಿಗ್ನಲ್', ಕಾರ್ಡ್ ಫ್ಯಾನ್ ಫುಲ್ ಸ್ಪೀಡಲ್ಲಿ ಕಿರುಚುತ್ತೆ. ಒಮ್ಮೊಮ್ಮೆ ಪೂರ್ತಿ ಆಫ್. ಆಮೇಲೆ ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತೆ. ಗೋಡೆ ಸ್ವಿಚ್ ಒಂದು ನಿಮಿಷ ಆರಿಸಿಟ್ಟರೆ ಮಾತ್ರ ಮತ್ತೆ ಆನ್ ಆಗುತ್ತೆ.

ರ‍್ಯಾಮ್ ಪಿನ್ ರಬ್ಬರಲ್ಲಿ ಉಜ್ಜಿ ಒಂದೊಂದೇ ಹಾಕಿ ನೋಡಿದ್ದಾಯ್ತು. ಎಚ್‌ಡಿಎಂಐ ಕೇಬಲ್ ಬದಲಿಸಿದ್ದಾಯ್ತು, ಡ್ರೈವರ್ ಅಳಿಸಿ ಹೊಸದಾಗಿ ಹಾಕಿದ್ದಾಯ್ತು. ಎರಡೂ 8 ಪಿನ್ ಒಂದೇ ಕವಲು ಕೇಬಲ್‌ನಿಂದ ಬರ್ತಿತ್ತು. ಬೇರೆ ಬೇರೆ ಕೇಬಲ್ ಕೊಟ್ಟ ಮೇಲೆ ದಿನಕ್ಕೆ ಮೂರು ಸಲ ಆಗ್ತಿದ್ದದ್ದು ಎರಡು ದಿನಕ್ಕೊಮ್ಮೆ ಆಯ್ತು. ವಿಂಡೋಸ್‌ನ ದೋಷಗಳ ದಾಖಲೆ ಈವೆಂಟ್ ವ್ಯೂವರಲ್ಲಿ ಕರ್ನಲ್ ಪವರ್ 41 ಅನ್ನೋ ಎರರ್ ಇದೆ, ಆದ್ರೆ ಅದು ಪಿಸಿ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಹೇಳುತ್ತೆ, ಕಾರಣ ಅಲ್ಲ. ಲೋಡಲ್ಲಿ 12 ವೋಲ್ಟ್ ಲೈನ್ 11.7 ತೋರಿಸುತ್ತೆ, ಕನಿಷ್ಠ 11.4 ಇರಬೇಕು ಅನ್ನೋ ಮಿತಿಯೊಳಗೇ. ಕ್ಷಣದಲ್ಲಿ ಕುಸಿದು ಏಳೋದನ್ನ ಮಲ್ಟಿಮೀಟರ್ ಹಿಡಿಯಲ್ಲ ಬಿಡಿ.

ಗೊಂದಲ ಇಲ್ಲೇ: ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯೋ ಪವರ್‌ನ ಮಿತಿ) 70%ಗೆ ಇಳಿಸಿದ್ರೆ ತೊಂದರೆನೇ ಇಲ್ಲ. ಎಸ್‌ಎಂಪಿಎಸ್ ಸೋತಿದ್ರೂ ಹಾಗೇ, ಕಾರ್ಡಿನ ಪವರ್ ಸರ್ಕ್ಯೂಟ್ ಹಾಳಾಗಿದ್ರೂ ಹಾಗೇ ತಾನೇ? ಹೊಸ ಎಸ್‌ಎಂಪಿಎಸ್ ಕೊಳ್ಳೋ ಮೊದಲು ಇವೆರಡರಲ್ಲಿ ಯಾವುದು ಅಂತ ಖಚಿತವಾಗಿ ಬೇರ್ಪಡಿಸೋ ಪರೀಕ್ಷೆ ಯಾವುದು?