ಇಂಗ್ಲಿಷ್ ಸಾಹಿತ್ಯ, ಸಿನೆಮಾ: ಮೊದಲ ವರ್ಷ ಏನು ಕಲಿಸ್ತಾರೆ?

ಕೇಳಿದ್ದು, ಡೊಂಬಿವಲಿಯಿಂದ:
ಮಗಳು ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪುಣೆಯಲ್ಲಿ ಬಿಎ ಸೀಟು ಸಿಕ್ಕಿದೆ, ಇಂಗ್ಲಿಷ್ ಸಾಹಿತ್ಯದ ಜೊತೆ ಸಿನೆಮಾ ಅಧ್ಯಯನ. ಮೊದಲ ವರ್ಷ ಏನೇನು ಇರುತ್ತದೆ? ಹಿಂದೆ ಬೀಳುತ್ತಾಳೇನೋ ಎಂಬ ಭಯ ಅವಳಿಗೂ ಇದೆ, ನಮಗೂ ಇದೆ. ಓದಿದವರು ದಯವಿಟ್ಟು ಹೇಳಿ.

ಪುಣೆಯಲ್ಲಿ ಇದನ್ನೇ ಓದಿದವಳು:
ನಾನೂ ಮುಂಬೈನ ಕನ್ನಡ ಶಾಲೆಯಿಂದಲೇ ಹೋದವಳು. ಮೊದಲ ತಿಂಗಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಅಲ್ಲಿ ಯಾರೂ ನನ್ನ ಉಚ್ಚಾರ ನೋಡುತ್ತಿರಲಿಲ್ಲ. ಹದಿನಾಲ್ಕು ಸಾಲಿನ ಒಂದು ಸಾನೆಟ್ ಮೇಲೆ ಎರಡು ಪೀರಿಯಡ್ ಕಳೆದೆವು: ಮಾತು ಎಲ್ಲಿ ತಿರುಗುತ್ತದೆ, ಈ ಶಬ್ದವನ್ನೇ ಯಾಕಿಟ್ಟ.

ಛಂದಸ್ಸಿನ ಪಾಠದ ದಿನ ನನಗೆ ಧೈರ್ಯ ಬಂತು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು, ನಾಲ್ಕು ಮಾತ್ರೆಯ ಗಣ ಎಣಿಸಿದ ಕೈ ನಮ್ಮದು. ಷೇಕ್ಸ್‌ಪಿಯರನ ಸಾಲಿನಲ್ಲಿ ಮಾತ್ರೆಯ ಬದಲು ಒತ್ತು, ಅಂದರೆ ದನಿ ಒತ್ತಿ ಹೇಳುವ ಜಾಗ, ಎಣಿಸಬೇಕು. ಸಾಮಾನ್ಯವಾಗಿ ಹತ್ತು ಅಕ್ಷರ, ಐದು ಒತ್ತು. ಇಂಗ್ಲಿಷ್ ಮೀಡಿಯಂ ಗೆಳತಿಯರಿಗೆ ನಾನೇ ಹೇಳಿಕೊಟ್ಟೆ. ಮಗಳ ಹತ್ತನೆಯ ಕನ್ನಡ ಪುಸ್ತಕ ರದ್ದಿಗೆ ಹಾಕಬೇಡಿ.

ಸಿನೆಮಾದಲ್ಲಿ ಮೊದಲು ಮಾಡಿಸಿದ್ದು ಇದು: ಮೂರು ನಿಮಿಷದ ದೃಶ್ಯ, ಸದ್ದು ಬಂದ್, ಪ್ರತಿ ಕಟ್‌ಗೆ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಬಂದಾಗಲೆಲ್ಲ, ಒಂದು ಗೀಟು. ಆಮೇಲೆ ಅದನ್ನೇ ಕಣ್ಣು ಮುಚ್ಚಿ ಕೇಳುವುದು. ರಷ್ಯಾದ ನಿರ್ದೇಶಕ ಕುಲೆಶೋವ್‌ನ ಪ್ರಯೋಗವೂ ಬರುತ್ತದೆ. ನಟನದು ಒಂದೇ ಮುಖ, ಒಂದೇ ಭಾವ. ಪಕ್ಕದ ಶಾಟ್ ಸೂಪಿನ ಬಟ್ಟಲಾದರೆ ನಮಗೆ ಹಸಿವು ಕಾಣುತ್ತದೆ, ಶವಪೆಟ್ಟಿಗೆಯಾದರೆ ದುಃಖ. ಟಿವಿ ಸುದ್ದಿಯನ್ನೂ ನಾನು ಅವತ್ತಿನಿಂದ ಬೇರೆ ಥರ ನೋಡುತ್ತೇನೆ.

ಕಷ್ಟವಾದದ್ದು ಪ್ರಬಂಧ. ಮೊದಲ ಸಲ ನಾಲ್ಕು ಪುಟ ಬರೀ ಕಥೆ ಬರೆದು ಅಂಕ ಕಳೆದುಕೊಂಡೆ. ಒಂದು ವಾದ ಹಿಡಿದು, ಅದಕ್ಕೆ ಸಾಲನ್ನೋ ಶಾಟನ್ನೋ ಸಾಕ್ಷಿ ತೋರಿಸುವುದು ಕೈಗೆ ಹತ್ತಲು ವರ್ಷವೇ ಹಿಡಿಯಿತು.

ಮಾಟುಂಗಾದಿಂದ, ಪಾಠ ಮಾಡಿದವರು:
ಒಂದು ನಾಟಕ ಸಿನೆಮಾ ಆಗುವಾಗ ಏನು ಬದಲಾಗುತ್ತದೆ ಎಂಬುದು ಮಕ್ಕಳಿಗೆ ಬಹಳ ಹಿಡಿಸುತ್ತದೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಜಪಾನಿನ ನಿರ್ದೇಶಕ ಕುರೊಸಾವಾ 1957ರಲ್ಲಿ ಜಪಾನಿನ ಕೋಟೆಗೆ ಒಯ್ದ. ವಿಶಾಲ್ ಭಾರದ್ವಾಜ್ 2003ರ ‘ಮಕ್ಬೂಲ್’ನಲ್ಲಿ ಮುಂಬೈ ಭೂಗತ ಲೋಕಕ್ಕೆ ತಂದರು, ಭವಿಷ್ಯ ನುಡಿಯುವ ಮಾಟಗಾತಿಯರ ಜಾಗದಲ್ಲಿ ಕುಂಡಲಿ ನೋಡುವ ಇಬ್ಬರು ಪೊಲೀಸರು. ಮೂಲದ ಭವಿಷ್ಯವಾಣಿಯಲ್ಲಿ ಕಾಡು ಎದ್ದು ಬಂದರೆ ನಾಯಕನ ನಾಶ, ಇಲ್ಲಿ ಸಮುದ್ರ ಮನೆಗೆ ಬಂದರೆ. ಯಾಕೆ ಸಮುದ್ರ ಎಂದು ಕೇಳಿದರೆ ಸಾಕು, ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ ಅದೇ ನಾಟಕದ ಕನ್ನಡ ರೂಪ, ರಜೆಯಲ್ಲೇ ಓದಿಬಿಡಲಿ.

ಕೋಥ್ರೂಡಿನಿಂದ:
ಪುಣೇದಾಗ ಇದ್ದ ಮ್ಯಾಲೆ ಲಾ ಕಾಲೇಜ್ ರೋಡಿಗೆ ಹೋಗಲಾರದ ಇರಬಾರದ್ರಿ. ಹಳೇ ಪ್ರಭಾತ್ ಸ್ಟುಡಿಯೋದಾಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದ. ಗಿರೀಶ ಕಾಸರವಳ್ಳಿಯವರು ಕಲ್ತದ್ದು ಅಲ್ಲೇ. 1964ರಾಗ ಶುರುವಾದ ಫಿಲ್ಮ್ ಆರ್ಕೈವೂ ಅದೇ ರೋಡಿನ್ಯಾಗ. ಅಲ್ಲಿ ಹಳೇ ಸಿನೆಮಾ ತೋರಸಿದಾಗ ಮಗಳು ತಪ್ಪಸಬಾರದು. ಫೋನಿನ್ಯಾಗ ಮುಖ ಅಷ್ಟ ಕಾಣಸ್ತದ. ದೊಡ್ಡ ಪರದೇ ಮ್ಯಾಲೆ ಹಿಂದಿನ ಬಾಗಲಾ, ನೆರಳು, ಎಲ್ಲಾ ಕಾಣಸ್ತಾವ.

ಮತ್ತೆ ಡೊಂಬಿವಲಿಯಿಂದ:
ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಮಗಳು ಟಿವಿ ಸದ್ದು ಬಂದ್ ಮಾಡಿ ಗೀಟು ಹಾಕುತ್ತ ಕೂತಿದ್ದಳು. ಮೂರು ನಿಮಿಷಕ್ಕೆ 41 ಬಂತು. ಇಷ್ಟೊಂದು ಇರುತ್ತದಾ?