ಅಪ್‌ಡೇಟ್: ಪ್ರೊಫೈಲ್ ಫೋಟೋ ಕೊನೆಗೂ ಆಯ್ತು

ಕೆಲಸದ ಪ್ರೊಫೈಲ್‌ಗೆ ಸ್ಟುಡಿಯೋ ಫೋಟೋ ಬೇಕು, ಯಾವ ಶರ್ಟ್ ಹಾಕಲಿ, ಕನ್ನಡಕ ತೆಗೆಯಲೇ ಎಂದು ಹೋದ ವಾರ ಕೇಳಿದ್ದೆ. ನಿನ್ನೆ ಶಿವಮೊಗ್ಗದಲ್ಲಿ ತೆಗೆಸಿದೆ.

ಸಣ್ಣ ಚೌಕಳಿ ಶರ್ಟ್ ಬೇಡ ಎಂದಿದ್ದಿರಿ. ಹಟಕ್ಕೆ ಅದನ್ನೂ ಒಯ್ದಿದ್ದೆ. ಸ್ಕ್ರೀನಿನಲ್ಲಿ ನೋಡಿದರೆ ಗೆರೆಗಳೆಲ್ಲ ಅಲೆಅಲೆಯಾಗಿ ಕುಣಿಯುತ್ತಿದ್ದವು! ಕಡು ನೀಲಿಯೇ ಗೆದ್ದಿತು. ಕನ್ನಡಕ ತೆಗೆಯಲಿಲ್ಲ. ದಿನಾ ಹಾಕುವವನು ತೆಗೆದರೆ ಬೇರೆ ಯಾರೋ ಅನ್ನಿಸುತ್ತದೆ, ಅಲ್ವಾ? ಫೋಟೋಗ್ರಾಫರ್ ಲೈಟನ್ನು ಮೇಲಕ್ಕೇರಿಸಿ, ಗದ್ದ ಕೊಂಚ ತಗ್ಗಿಸಲು ಹೇಳಿದರು. ಗಾಜಿನ ಹೊಳಪು ಮಾಯವಾಯಿತು.

ಎಡವಟ್ಟು ಮಾಡಿದ್ದು ಮಳೆ. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಶರ್ಟ್ ಮುದ್ದೆ. ಪುಣ್ಯಕ್ಕೆ ಸ್ಟುಡಿಯೋದಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು.

ಎರಡು ದಿನ ಮೊದಲೇ ಕಟಿಂಗ್ ಮಾಡಿಸಿ ಎಂದವರಿಗೆ ಥ್ಯಾಂಕ್ಸ್. ಅಮ್ಮ ಮಾತ್ರ ಫೋಟೋ ನೋಡಿ, "ಒಂಚೂರು ನಗಬಾರದಿತ್ತೇನೋ?" ಎಂದರು.