ಗಪ್ಪಿ ಮರಿ ಹಾಕಿತು, ಆಮೇಲೆ? ಮರಿ ಹಾಕುವ ಮೀನುಗಳ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಆಮೇಲೆ ಅಲಂಕಾರಿಕ ಮೀನು ಸಾಕಣೆಯನ್ನೇ ಕಸುಬು ಮಾಡಿಕೊಂಡೆ. ಗುಂಪಿನ ಅಡ್ಮಿನ್ ಕೇಳಿಕೊಂಡಿದ್ದಾರೆ, ಹಾಗಾಗಿ ಈ ಭಾನುವಾರ ಪೂರ್ತಿ ಇಲ್ಲೇ ಇರುತ್ತೇನೆ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಬಗ್ಗೆ ಏನು ಬೇಕಾದರೂ ಕೇಳಿ. ಕೇಳುವಾಗ ಟ್ಯಾಂಕ್ ಎಷ್ಟು ಲೀಟರ್, ನೀರು ಎಲ್ಲಿಯದು ಅನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಪ್ರಶ್ನೆ (ಬೆಂಗಳೂರು, ವಿಜಯನಗರ): ನಮಸ್ತೆ ಸರ್. 40 ಲೀಟರ್ ಟ್ಯಾಂಕ್, ಕಾವೇರಿ ನೀರು. ಮಗಳ ಹುಟ್ಟುಹಬ್ಬಕ್ಕೆ ಮೂರು ಜೊತೆ ಗಪ್ಪಿ ತಂದೆವು. ಹೋದ ಬುಧವಾರ ಬೆಳಿಗ್ಗೆ ನೋಡಿದರೆ ಮರಿಗಳು! ಮಗಳು ಎಣಿಸಿ 26 ಅಂದಳು. ಸಂಜೆಗೆ 11 ಇದ್ದವು. ಈಗ ನಾಲ್ಕೇ ನಾಲ್ಕು. ದೊಡ್ಡ ಮೀನು ಮರಿಯನ್ನು ನುಂಗುವುದನ್ನು ಕಣ್ಣಾರೆ ನೋಡಿ ಅವಳು ಅತ್ತುಬಿಟ್ಟಳು. ಹೆತ್ತ ತಾಯಿಯೇ ಯಾಕೆ ತಿನ್ನುತ್ತದೆ ಸರ್? ಅಂಗಡಿಯಲ್ಲಿ ಮರಿ ಹಾಕಿಸುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದಂತೆ. ತರಲಾ?

ಉತ್ತರ: ಮೇಡಂ, ಮೊದಲು ಮಗಳಿಗೆ ಹೇಳಿ, ತಾಯಿ ಮೀನಿನ ತಪ್ಪು ಏನೂ ಇಲ್ಲ. ಅದಕ್ಕೆ ಇದು ನನ್ನ ಮರಿ ಅನ್ನುವ ಗುರುತೇ ಇರುವುದಿಲ್ಲ. ಮುಂದೆ ಚಿಕ್ಕದೊಂದು ಅಲುಗಾಡಿದರೆ ಅದು ಊಟ, ಅಷ್ಟೇ. ಗಪ್ಪಿಯ ಹೊಟ್ಟೆಯೊಳಗೆ ಮೊಟ್ಟೆ ಒಡೆದು ಮರಿಯಾಗಿ ಹೊರಗೆ ಬರುತ್ತದೆ. ಬಂದ ಕ್ಷಣದಿಂದ ಈಜಬಲ್ಲದು, ತಿನ್ನಬಲ್ಲದು, ಅಡಗಿಕೊಳ್ಳಬಲ್ಲದು. ನಿಮ್ಮ ಟ್ಯಾಂಕ್‌ನಲ್ಲಿ ಅಡಗಲು ಜಾಗ ಇರಲಿಲ್ಲ ಅನಿಸುತ್ತದೆ. ಉಳಿದ ನಾಲ್ಕು ಫಿಲ್ಟರ್ ಹಿಂದೆ ಸೇರಿಕೊಂಡಿರಬೇಕು, ಅಲ್ವಾ?

ಡಬ್ಬಿ ಬೇಡ. ಅಂಗೈ ಅಗಲದ ಡಬ್ಬಿಯಲ್ಲಿ ತುಂಬು ಹೊಟ್ಟೆಯ ಮೀನನ್ನು ಮೂರು ದಿನ ಕೂರಿಸಿದರೆ ಅದು ಗಾಬರಿಯಾಗುತ್ತದೆ. ಕೆಲವು ಮೀನು ದಿನ ತುಂಬುವ ಮೊದಲೇ ಮರಿ ಹಾಕಿಬಿಡುತ್ತವೆ, ಕೆಲವು ಸತ್ತೇ ಹೋಗುತ್ತವೆ. ಆ ದುಡ್ಡಿಗೆ ಒಂದು ಹಿಡಿ ಜಾವಾ ಮಾಸ್ ಅನ್ನುವ ಪಾಚಿಯಂಥ ಗಿಡ, ಒಂದು ಕಟ್ಟು ಹೈಡ್ರಿಲ್ಲಾ ತನ್ನಿ. ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲೇ ಬೆಳೆಯುವ ಗಿಡ, ಬಲು ಅಗ್ಗ. ತಂದ ಮೇಲೆ ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಹಾಕಿ. ಅದರಲ್ಲಿ ಬರುವ ಹುಳು ಹುಪ್ಪಟೆ ಬಹುಪಾಲು ಹೋಗುತ್ತವೆ. ಗಿಡವನ್ನು ಟ್ಯಾಂಕ್‌ನ ಮೂರನೇ ಒಂದು ಭಾಗ ತುಂಬುವಷ್ಟು ಹಾಕಿ. ಅದರಲ್ಲೂ ನೀರಿನ ಮೇಲ್ಭಾಗದಲ್ಲಿ ಒತ್ತಾಗಿರಲಿ. ಹುಟ್ಟಿದ ಮರಿ ಮೇಲಕ್ಕೇ ಓಡುತ್ತದೆ.

ಇನ್ನೊಂದು ಮಾತು. ಮೂರು ಜೊತೆ ಅಂದರೆ ಮೂರು ಗಂಡು, ಮೂರು ಹೆಣ್ಣು. ಗಂಡು ಜಾಸ್ತಿಯಾಯಿತು. ಗಂಡು ಗಪ್ಪಿ ಹಗಲೆಲ್ಲ ಹೆಣ್ಣಿನ ಹಿಂದೆ ಬೀಳುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಹೆಣ್ಣಿಗೆ ಸ್ವಲ್ಪ ಬಿಡುವು ಸಿಗುತ್ತದೆ.

ಅದೇ ಮೇಡಂ: ಮತ್ತೆ ಯಾವಾಗ ಮರಿ ಹಾಕುತ್ತದೆ ಅಂತ ಮೊದಲೇ ಗೊತ್ತಾಗುತ್ತದಾ ಸರ್?

ಉತ್ತರ: ಗೊತ್ತಾಗುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ, ಬಾಲದ ಕಡೆಗೆ, ಒಂದು ಕಪ್ಪು ಕಲೆ ಕಾಣುತ್ತದೆ. ನಾವು ಅದನ್ನು ಗಬ್ಬದ ಚುಕ್ಕೆ ಅನ್ನುತ್ತೇವೆ. ದಿನ ಹತ್ತಿರ ಬಂದ ಹಾಗೆ ಅದು ದೊಡ್ಡದಾಗಿ ಗಾಢವಾಗುತ್ತದೆ. ತಿಳಿ ಬಣ್ಣದ ಮೀನಾದರೆ ಚರ್ಮದೊಳಗೆ ಮರಿಗಳ ಕಣ್ಣುಗಳೇ ಚುಕ್ಕೆ ಚುಕ್ಕೆಯಾಗಿ ಕಾಣಬಹುದು. ಪಕ್ಕದಿಂದ ನೋಡಿದರೆ ಹೊಟ್ಟೆ ಗುಂಡಗಿರುವ ಬದಲು ಚೌಕವಾಗಿ ಕಾಣುತ್ತದೆ. ಆಗ ಇನ್ನೇನು ಒಂದೆರಡು ದಿನ. ಊಟ ಬಿಡುವುದು, ಮೂಲೆ ಹಿಡಿದು ನಿಲ್ಲುವುದು ಕೊನೆಯ ಗುರುತು. ನೀರು 24ರಿಂದ 28 ಡಿಗ್ರಿ ಇದ್ದರೆ ನಾಲ್ಕು ವಾರಕ್ಕೊಮ್ಮೆ ಅಂದುಕೊಳ್ಳಿ. ನಿಮ್ಮಲ್ಲಿ ಡಿಸೆಂಬರ್, ಜನವರಿಯ ಚಳಿಗೆ ಇನ್ನೂ ಒಂದು ವಾರ ಎಳೆಯಬಹುದು. ಆಗ 50 ವ್ಯಾಟ್‌ನ ಹೀಟರ್ ಒಂದಿದ್ದರೆ ಒಳ್ಳೆಯದು.

ಗಂಡು ಇಲ್ಲದಿದ್ದರೂ ಮರಿ ಹಾಕಿತು ಅಂತ ಗಾಬರಿಯಾಗಬೇಡಿ. ಒಮ್ಮೆ ಕೂಡಿದರೆ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಹಲವು ಸಲ ಮರಿ ಹಾಕಬಲ್ಲದು.

ಪ್ರಶ್ನೆ (ದಾವಣಗೆರೆ): ಸರ್, ನಂದು ಬೇರೆ ಕಥೆ. ಮರಿಗಳನ್ನು ಹುಟ್ಟಿದ ಕೂಡಲೇ ಹಿಡಿದು ಬೇರೆ ಗಾಜಿನ ಬೌಲ್‌ಗೆ ಹಾಕಿದೆ. 5 ಲೀಟರ್ ಇರಬಹುದು. 30 ಮರಿ. ಬೇಯಿಸಿದ ಮೊಟ್ಟೆಯ ಹಳದಿ ಭಾಗ ದಿನಕ್ಕೆ ನಾಲ್ಕು ಸಲ ಕೊಟ್ಟೆ, ಚೆನ್ನಾಗಿ ತಿಂದವು. ಐದನೇ ದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ತಳದಲ್ಲಿ. ಒಂದೂ ಉಳಿಯಲಿಲ್ಲ. ಇದು ಎರಡನೇ ಸಲ. ಮೂರನೇ ಸಲ ಮಾಡುವ ಧೈರ್ಯ ಇಲ್ಲ ಸರ್.

ಉತ್ತರ: ಧೈರ್ಯ ಬಿಡಬೇಡಿ. ಇಷ್ಟು ಕಾಳಜಿಯಿಂದ ದಿನಕ್ಕೆ ನಾಲ್ಕು ಸಲ ಊಟ ಕೊಟ್ಟವರು ನೀವು. ತಪ್ಪಾಗಿರುವುದು ಬೌಲ್ ಮತ್ತು ಮೊಟ್ಟೆ, ಇವೆರಡೇ.

ಏನಾಯಿತು ಅಂತ ಹೇಳುತ್ತೇನೆ. ಮೀನಿನ ಉಸಿರು, ಕಸ, ಉಳಿದ ಊಟ ಎಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ಕನ್ನಡಿ ಹಾಗೆ ತಿಳಿಯಾಗಿದ್ದರೂ ಅಮೋನಿಯಾ ಇರಬಹುದು. ಓಡುತ್ತಿರುವ ಹಳೆಯ ಟ್ಯಾಂಕ್‌ನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರ್, ಕಲ್ಲು, ಗಿಡಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಹೊಸದಾಗಿ ಬೆಳೆಯಲು ಮೂರರಿಂದ ಆರು ವಾರ ಬೇಕು. ನಿಮ್ಮ ಬೌಲ್‌ನಲ್ಲಿ ಅವು ಇರಲೇ ಇಲ್ಲ. ಜೊತೆಗೆ ಮೊಟ್ಟೆಯ ಹಳದಿ. ಅದರ ಪುಡಿ ಅರ್ಧಕ್ಕರ್ಧ ತಳ ಸೇರಿ ಕೊಳೆಯುತ್ತದೆ. ದಾವಣಗೆರೆಯ ಸೆಕೆಗೆ ಇನ್ನೂ ಬೇಗ. ನಮ್ಮ ಬಹುಪಾಲು ಬೋರ್‌ವೆಲ್ ನೀರಿನ ಹಾಗೆ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) ಜಾಸ್ತಿ ಇದ್ದರೆ ಅಮೋನಿಯಾ ವಿಷವೂ ಜಾಸ್ತಿ.

ಈ ಸಲ ಹೀಗೆ ಮಾಡಿ. ಕನಿಷ್ಠ 20 ಲೀಟರ್‌ನ ತೊಟ್ಟಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಟಬ್ ಆದರೂ ಸಾಕು. ಅದಕ್ಕೊಂದು ಸ್ಪಂಜ್ ಫಿಲ್ಟರ್ ಬೇಕು. ಬೇರೆ ಫಿಲ್ಟರ್ ಮರಿಯನ್ನು ಎಳೆದುಕೊಳ್ಳುತ್ತದೆ, ಸ್ಪಂಜ್ ಎಳೆಯುವುದಿಲ್ಲ. ಆ ಸ್ಪಂಜನ್ನು ಇವತ್ತೇ ದೊಡ್ಡ ಮೀನಿನ ಟ್ಯಾಂಕ್‌ಗೆ ಹಾಕಿ ಓಡಿಸಿ. ಒಂದು ತಿಂಗಳಲ್ಲಿ ಅದರ ತುಂಬ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಮರಿ ಹುಟ್ಟಿದ ದಿನ ಆ ಸ್ಪಂಜನ್ನು ಹೊಸ ತೊಟ್ಟಿಗೆ ಇಟ್ಟು, ಅದೇ ಟ್ಯಾಂಕ್‌ನ ನೀರು ತುಂಬಿ, ಮರಿಗಳನ್ನು ಅದಕ್ಕೆ ಹಾಕಿ. ಸ್ಪಂಜ್ ಕೊಳೆಯಾದರೆ ನಲ್ಲಿ ನೀರಲ್ಲಿ ಯಾವತ್ತೂ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕ್‌ನಿಂದಲೇ ಒಂದು ಚೊಂಬು ನೀರು ತೆಗೆದು ಅದರಲ್ಲಿ ಹಿಂಡಿ.

ಎರಡು ದಿನಕ್ಕೊಮ್ಮೆ ತಳದ ಕಸ ಎಳೆದು ಐದನೇ ಒಂದು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿ ಬಳಸಿ.

ಅದೇ ದಾವಣಗೆರೆಯವರು: ತುಂಬ ಥ್ಯಾಂಕ್ಸ್ ಸರ್. ಮೊಟ್ಟೆ ಬೇಡ ಅಂದರೆ ಮತ್ತೇನು ಕೊಡಲಿ?

ಉತ್ತರ: ನಾನು ತುಂಬ ಇಷ್ಟಪಟ್ಟು ಮಾಡುವ ಕೆಲಸ ಇದು, ಸ್ವಲ್ಪ ಉದ್ದ ಹೇಳುತ್ತೇನೆ. ಆರ್ಟೀಮಿಯಾ ಮೊಟ್ಟೆ ಅಂತ ಚಿಕ್ಕ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪುನೀರಿನ ಸರೋವರಗಳಲ್ಲಿ ಬದುಕುವ ಚಿಕ್ಕ ಸಿಗಡಿಯ ಮೊಟ್ಟೆ ಅದು, ನೋಡಲು ಕಂದು ಪುಡಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ. ಸೋಡಾ ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ನಿಲ್ಲಿಸಿ, ಅದರಲ್ಲಿ ಈ ನೀರು ಹಾಕಿ. ಅರ್ಧ ಚಮಚ ಮೊಟ್ಟೆ ಸುರಿದು, ಏರ್ ಪಂಪ್‌ನ ಪೈಪನ್ನು ತಳದವರೆಗೂ ಇಳಿಬಿಟ್ಟು ಜೋರಾಗಿ ಗುಳುಗುಳು ಅನ್ನಿಸಿ. ಮೇಲೊಂದು ಬಲ್ಬ್ ಉರಿಯುತ್ತಿರಲಿ. ನೀರು 28 ಡಿಗ್ರಿ ಆಸುಪಾಸು ಇದ್ದರೆ 24ರಿಂದ 30 ಗಂಟೆಯೊಳಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಈಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಮರಿ ಸಿಗಡಿ ಕೆಳಗೆ ಸೇರುತ್ತವೆ. ಬಾಟಲಿಯ ತಳಕ್ಕೆ ಬೆಳಕು ಹಿಡಿದರೆ ಇನ್ನೂ ಬೇಗ ಒಂದೆಡೆ ಸೇರುತ್ತವೆ. ಸಣ್ಣ ಪೈಪಿನಿಂದ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಒಮ್ಮೆ ತೊಳೆದು ಗಪ್ಪಿ ಮರಿಗಳಿಗೆ ಹಾಕಿ.

ಒಮ್ಮೆ ಹಾಕಿ ನೋಡಿ. ಐದು ನಿಮಿಷದಲ್ಲಿ ಪ್ರತಿ ಮರಿಯ ಹೊಟ್ಟೆಯೂ ಕಿತ್ತಳೆ ಮಣಿಯಾಗುತ್ತದೆ. ಎಷ್ಟು ವರ್ಷವಾದರೂ ಅದನ್ನು ನೋಡುವ ಖುಷಿ ನನಗೆ ಕಡಿಮೆಯಾಗಿಲ್ಲ. ಇದು ಆಗದಿದ್ದರೆ ದೊಡ್ಡ ಮೀನಿಗೆ ಹಾಕುವ ಫ್ಲೇಕ್ಸನ್ನೇ (ಚಕ್ಕೆಯಂಥ ಒಣ ಊಟ) ಬೆರಳಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿ, ಚಿಟಿಕೆಯಷ್ಟು, ದಿನಕ್ಕೆ ಮೂರು ನಾಲ್ಕು ಸಲ. ಎರಡು ನಿಮಿಷದಲ್ಲಿ ತಿಂದು ಮುಗಿಸಬೇಕು. ಉಳಿದರೆ ಜಾಸ್ತಿಯಾಯಿತು ಅಂತಲೇ ಅರ್ಥ.

ಪ್ರಶ್ನೆ (ಮೈಸೂರು, ಕಾಲೇಜು ವಿದ್ಯಾರ್ಥಿ): ಅಣ್ಣಾ, ಪೂರ್ತಿ ಕೆಂಪು ಬಾಲದ ಗಂಡು ಗಪ್ಪಿ 400 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿದ್ದ ಸಾದಾ ಹೆಣ್ಣಿನ ಜೊತೆ ಬಿಟ್ಟರೆ ಮರಿಗಳೆಲ್ಲ ಕೆಂಪಾಗುತ್ತವಾ?

ಉತ್ತರ: ಇಲ್ಲ ತಮ್ಮಾ. ಗಪ್ಪಿಯ ಕೆಲವು ಬಣ್ಣ, ಚುಕ್ಕೆಗಳ ಗುಣ ಗಂಡಿನಲ್ಲಿ ಮಾತ್ರ ಇರುವ ವೈ ವರ್ಣತಂತುವಿನ ಮೇಲೆ ಕೂತಿರುತ್ತವೆ. ಅವು ಅಪ್ಪನಿಂದ ಮಗನಿಗೆ ನೇರವಾಗಿ ಹೋಗುತ್ತವೆ. 1920ರಲ್ಲಿ ಡೆನ್ಮಾರ್ಕ್‌ನ ಯೋಹಾನೆಸ್ ಷ್ಮಿಟ್ ಗಪ್ಪಿಗಳನ್ನೇ ಸಾಕಿ ಇದನ್ನು ತೋರಿಸಿದರು. ಆದರೆ ಎಲ್ಲ ಬಣ್ಣವೂ ಹಾಗಲ್ಲ. ಕೆಲವು ಗುಣ ಎಕ್ಸ್ ವರ್ಣತಂತುವಿನ ಮೇಲೆ ಇವೆ, ಕೆಲವು ಬೇರೆ ವರ್ಣತಂತುಗಳ ಮೇಲೆ. ಅಮ್ಮನ ಪಾಲೂ ಅಷ್ಟೇ ದೊಡ್ಡದು. ಸಾದಾ ಹೆಣ್ಣಿನ ಜೊತೆ ಬಿಟ್ಟರೆ ಮೊದಲ ತಲೆಮಾರಿನಲ್ಲಿ ಕಲಸುಮೇಲೋಗರ ಬರುತ್ತದೆ. ಅದೇ ತಳಿಯ ಹೆಣ್ಣು ತನ್ನಿ.

ಆ ಹೆಣ್ಣು ಬೇರೆ ಗಂಡಿನ ಜೊತೆ ಇದ್ದದ್ದಾದರೆ ಮೊದಲ ಕೆಲವು ಸಲದ ಮರಿ ಯಾರದೋ ಗೊತ್ತಾಗದು. ಅದಕ್ಕೇ ನಾವು ಮರಿಗಳನ್ನು ಮೂರು ನಾಲ್ಕು ವಾರಕ್ಕೇ ಗಂಡು ಹೆಣ್ಣು ಬೇರೆ ಮಾಡುತ್ತೇವೆ. ಹೊಟ್ಟೆಯ ಕೆಳಗಿನ ರೆಕ್ಕೆ ನೋಡಿ. ಬೀಸಣಿಗೆಯ ಹಾಗೆ ಅಗಲವಾಗಿದ್ದರೆ ಹೆಣ್ಣು. ಕಡ್ಡಿಯ ಹಾಗೆ ಸಣ್ಣಗಾಗುತ್ತಿದ್ದರೆ ಗಂಡು. ಒಂದೇ ಮನೆತನದೊಳಗೆ ವರ್ಷಗಟ್ಟಲೆ ಕೂಡಿಸುತ್ತ ಹೋದರೆ ಬೆನ್ನು ಸೊಟ್ಟಗಿನ, ಸೊರಗಿದ ಮರಿಗಳು ಜಾಸ್ತಿಯಾಗುತ್ತವೆ. ಆಗಾಗ ಅದೇ ತಳಿಯ ಹೊರಗಿನ ಮೀನು ಸೇರಿಸಿ.

ಪ್ರಶ್ನೆ (ಹುಬ್ಬಳ್ಳಿ): ಸರ್, ನಮ್ಮ ಹೆಣ್ಣು ಸ್ವೋರ್ಡ್‌ಟೇಲ್‌ನ ಬಾಲಕ್ಕೆ ಈಗ ಗಂಡಿಗೆ ಬರೋ ಕತ್ತಿ ಬಂದೈತಿ. ಹೆಣ್ಣು ಗಂಡಾಗುತ್ತದಾ?

ಉತ್ತರ: ಅದು ಮೊದಲಿನಿಂದಲೂ ಗಂಡೇ ಸರ್. ಸ್ವೋರ್ಡ್‌ಟೇಲ್‌ನಲ್ಲಿ ಕೆಲವು ಗಂಡು ಬಹಳ ತಡವಾಗಿ ಪ್ರಾಯಕ್ಕೆ ಬರುತ್ತವೆ. ಅಲ್ಲಿಯವರೆಗೆ ದಪ್ಪಗೆ ಬೆಳೆದು ಹೆಣ್ಣಿನ ಹಾಗೇ ಕಾಣುತ್ತವೆ. ಪ್ಲಾಟಿ ಜೊತೆ ಇಟ್ಟಿದ್ದರೆ ಮಾತ್ರ ಬೇರೆ ಮಾಡಿ. ಅವೆರಡೂ ಕೂಡಿ ಮಿಶ್ರ ಮರಿ ಹಾಕುತ್ತವೆ. ಕಪ್ಪು ಚುಕ್ಕೆಯ ಪ್ಲಾಟಿಯ ಮಿಶ್ರ ಮರಿಯನ್ನು ಮತ್ತೆ ಸ್ವೋರ್ಡ್‌ಟೇಲ್‌ಗೇ ಕೂಡಿಸಿದರೆ ಕೆಲವು ಮರಿಗಳಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ. ಸುಮಾರು ನೂರು ವರ್ಷದಿಂದ ಕ್ಯಾನ್ಸರ್ ಸಂಶೋಧಕರು ಇದನ್ನೇ ಇಟ್ಟುಕೊಂಡು ಓದುತ್ತಿದ್ದಾರೆ.

ಪ್ರಶ್ನೆ (ಶಿರಸಿ): ನಮ್ಮದು ಬಾವಿ ನೀರು. ಕಪ್ಪು ಮೋಲಿ ತಂದು ಒಂದು ವಾರ. ನಿಂತಲ್ಲೇ ನಿಂತು ಮೈ ಅಲುಗಾಡಿಸುತ್ತದೆ, ಮುಂದೆ ಹೋಗುವುದಿಲ್ಲ. ಗಪ್ಪಿ ಆರಾಮಾಗಿವೆ.

ಉತ್ತರ: ಅಕ್ಕಾ, ನಿಮ್ಮ ನೀರು ಬಹಳ ಮೆದು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ. ನಮಗೆ ಕುಡಿಯಲು ಅಮೃತ, ಮೋಲಿಗೆ ಕಷ್ಟ. ಮೋಲಿ ಗಡಸು ನೀರಿನ ಮೀನು, ಸಮುದ್ರದ ಅಂಚಿನ ಉಪ್ಪು ನೀರಿನಲ್ಲೂ ಬದುಕುತ್ತದೆ. ಒಂದು ಹಿಡಿ ಕಪ್ಪೆಚಿಪ್ಪು ಕುದಿಸಿ ತೊಳೆದು, ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಿ. ಅದು ನಿಧಾನವಾಗಿ ಕರಗಿ ನೀರು ಗಡಸಾಗುತ್ತದೆ. ಮೋಲಿಯನ್ನು ಬೇರೆ ಟ್ಯಾಂಕ್‌ಗೆ ಹಾಕಿ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಸೇರಿಸಿ. ಒಮ್ಮೆಗೇ ಬೇಡ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪ. ನೀರು 26 ಡಿಗ್ರಿಗಿಂತ ಕೆಳಗಿಳಿಯದಿರಲಿ.

ಮುಂದೆ ಮೋಲಿ ತರುವಾಗ ಗುಂಡು ಹೊಟ್ಟೆಯ ಬಲೂನ್ ಮೋಲಿ ಮಾತ್ರ ತರಬೇಡಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಬೆನ್ನುಮೂಳೆ ಸೊಟ್ಟಗಿರುವುದನ್ನೇ ಆರಿಸಿ ಮಾಡಿದ ತಳಿ ಅದು. ಒಳಗೆ ಜಾಗವಿಲ್ಲದೆ ಮರಿ ಹಾಕುವಾಗ ಅವು ಒದ್ದಾಡುವುದನ್ನು ನೋಡಿದ್ದೇನೆ. ನಾನು ಅದನ್ನು ಸಾಕುವುದಿಲ್ಲ.

ಪ್ರಶ್ನೆ (ಕೋಲಾರ): ಸರ್, ಆರು ಗಪ್ಪಿ ತಂದಿದ್ದೆ, ಒಂದು ವರ್ಷಕ್ಕೆ 200 ದಾಟಿವೆ. ನಮ್ಮೂರ ಕೆರೆಗೆ ಬಿಟ್ಟರೆ ಸೊಳ್ಳೆ ಮರಿ ತಿನ್ನುತ್ತವಲ್ವಾ? ಊರಿಗೂ ಒಳ್ಳೆಯದು.

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದು, ಆದರೆ ದಯವಿಟ್ಟು ಬಿಡಬೇಡಿ. ನಿಮ್ಮದೇ ಜಿಲ್ಲೆಯ ಕಾಮಸಮುದ್ರದ ಸುತ್ತಲ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು, ಅದರಿಂದ ಉಪಯೋಗವೂ ಆಯಿತು. ಅದು ಆರೋಗ್ಯ ಕೆಲಸಗಾರರು ಯಾವ ಬಾವಿ, ಎಷ್ಟು ಮೀನು ಅಂತ ನೋಡಿ ಮಾಡಿದ ಕೆಲಸ. ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗ, ಟ್ರಿನಿಡಾಡ್ ಕಡೆಯ ಮೀನು. ಕೆರೆಗೆ, ಹಳ್ಳಕ್ಕೆ ಸೇರಿದರೆ ನಮ್ಮ ನಾಡ ಮೀನಿನ ಮೊಟ್ಟೆ, ಮರಿಯನ್ನೂ ತಿನ್ನುತ್ತದೆ, ಅವುಗಳ ಊಟಕ್ಕೂ ಪಾಲು ಕೇಳುತ್ತದೆ. ಮನೆಯ ಟ್ಯಾಂಕ್‌ನ ರೋಗವೂ ಜೊತೆಗೆ ಹೋಗುತ್ತದೆ. ಒಮ್ಮೆ ಬಿಟ್ಟರೆ ಮತ್ತೆ ಹಿಡಿದು ತರಲು ಆಗುವುದಿಲ್ಲ.

ಇವತ್ತೇ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಮಾಡಿ. ಹೆಣ್ಣುಗಳು ಇನ್ನೂ ಕೆಲವು ತಿಂಗಳು ಮರಿ ಹಾಕುತ್ತವೆ, ಆಮೇಲೆ ನಿಲ್ಲುತ್ತದೆ. ಮರಿಗಳನ್ನು ಅಂಗಡಿಯವರಿಗೆ ಕೊಡಿ, ಬದಲಿಗೆ ಊಟ, ಗಿಡ ಕೊಡುತ್ತಾರೆ. ಮನೆಯಂಗಳದಲ್ಲೇ ಕಸುಬು ಮಾಡುವ ಮನಸ್ಸಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯಂಗಳದ ಅಲಂಕಾರಿಕ ಮೀನು ಘಟಕಕ್ಕೂ ಸಹಾಯಧನ ಇಟ್ಟಿದ್ದರು. ಈಗ ಅರ್ಜಿ ಕರೆದಿದ್ದಾರಾ ಅಂತ ಅವರೇ ಹೇಳುತ್ತಾರೆ.

ಮತ್ತೆ ವಿಜಯನಗರದ ಮೇಡಂ: ಸರ್, ಈಗಷ್ಟೇ ಹೈಡ್ರಿಲ್ಲಾ ತಂದು ಹಾಕಿದೆವು. ಇನ್ನೊಂದು ಹೆಣ್ಣಿನ ಹೊಟ್ಟೆ ನೀವು ಹೇಳಿದ ಹಾಗೆ ಚೌಕವಾಗಿದೆ ಅಂತ ಮಗಳು ಕೂಗುತ್ತಿದ್ದಾಳೆ!

ಉತ್ತರ: ಒಳ್ಳೆಯ ಕಣ್ಣು ಅವಳದು. ಇವತ್ತು ನೀರು ಬದಲಿಸಬೇಡಿ, ಬಲೆ ಹಾಕಬೇಡಿ. ದೊಡ್ಡ ಮೀನುಗಳಿಗೆ ಸಂಜೆ ಹೊಟ್ಟೆ ತುಂಬ ಊಟ ಕೊಟ್ಟು ದೀಪ ಆರಿಸಿ. ಬೆಳಿಗ್ಗೆ ಗಿಡದ ನಡುವೆ, ನೀರಿನ ಮೇಲ್ಭಾಗದಲ್ಲಿ ಹುಡುಕಲು ಹೇಳಿ. ಎಷ್ಟು ಸಿಕ್ಕವು ಅಂತ ಅವಳೇ ಇಲ್ಲಿ ಬರೆಯಲಿ.